ಶಿವಗಂಗೆಯ ಸೀಮೆಯಲ್ಲಿ ಕ್ರೈಸ್ತ ಪರ್ವಕಾಲ

ಕಾರ್ತಿಕಮಾಸ ಕಳೆದು ಮಾರ್ಗಶಿರದ ಚಳಿಯು ನೆಲಮಂಗಲದ ಬಯಲುಗಳ ಮೇಲೆ ಇಳಿಯತೊಡಗಿ, ಹೊಲಗಳಲ್ಲಿ ರಾಗಿಯು ಕೊಯ್ಲಿಗೆ ಬಂದು, ಸಂತೆಗಳಲ್ಲಿ ಸೊಗಡಿನ ಅವರೆಕಾಯಿಯ ರಾಶಿಗಳು ಏಳತೊಡಗಿದ ಕಾಲದಲ್ಲಿ ಈ ಸೀಮೆಯ ಜನರ ಲಕ್ಷ್ಯವು ಸಹಜವಾಗಿಯೇ ಶಿವಗಂಗೆಯ ಬೆಟ್ಟದ ಕಡೆಗೆ ತಿರುಗುತ್ತದೆ. ಸಂಸ್ಕೃತದಲ್ಲಿ ಕಕುದ್ಗಿರಿಯೆಂದೂ ಜನರ ಭಕ್ತಿಯಲ್ಲಿ ದಕ್ಷಿಣಕಾಶಿಯೆಂದೂ ಹೆಸರಾದ ಆ ಗಿರಿಯಲ್ಲಿ, ಮಕರ ಸಂಕ್ರಾಂತಿಯ ಪುಣ್ಯದಿನದಂದು ಶಿಖರದ ತೀರ್ಥಕಂಬದ ಬಳಿ ಉದ್ಭವಿಸುವ ಗಂಗೆಯನ್ನು ತಂದು, ಆ ಜಲದ ಧಾರೆಯಿಂದ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಕಲ್ಯಾಣವನ್ನು ನೆರವೇರಿಸುವುದು ಪರಂಪರೆಯಾಗಿ ನಡೆದುಬಂದ ಸಂಪ್ರದಾಯ. ಧನುರ್ಮಾಸದ ಮುಂಜಾವುಗಳಲ್ಲಿ ಸೂರ್ಯೋದಯಕ್ಕೆ ಮುನ್ನವೇ ಎದ್ದು ಪೂಜೆಗೆ ನಿಂತ ಭಕ್ತಿಯು ಆ ಒಂದು ದಿನದಲ್ಲಿ ಫಲವನ್ನು ಕಾಣುತ್ತದೆ.

ಇದೇ ಮಾಸಗಳಲ್ಲಿ, ಇದೇ ಚಳಿಯಲ್ಲಿ, ಬೆಟ್ಟದ ಸೀಮೆಯಿಂದ ಬೆಂಗಳೂರಿನವರೆಗೆ ಅಲ್ಲಲ್ಲಿ ನೆಲೆಗೊಂಡಿರುವ ಕಥೋಲಿಕ ಕ್ರೈಸ್ತರ ಇಗರ್ಜಿಗಳಲ್ಲಿ ಮತ್ತೊಂದು ಪಂಚಾಂಗವು ತನ್ನ ವರ್ಷಾರಂಭವನ್ನು ಮಾಡಿಕೊಂಡು, ಪ್ರತೀಕ್ಷೆಯಿಂದ ಜನ್ಮೋತ್ಸವಕ್ಕೆ, ಜನ್ಮೋತ್ಸವದಿಂದ ದರ್ಶನಕ್ಕೆ, ದರ್ಶನದಿಂದ ತಪಸ್ಸಿಗೆ ಕ್ರಮಕ್ರಮವಾಗಿ ನಡೆಯುತ್ತಿರುತ್ತದೆ. ಗೋಡೆಯ ಮೇಲಣ ಕ್ಯಾಲೆಂಡರಿನಲ್ಲಿ ಕೆಂಪಕ್ಷರದಿಂದ ಅಚ್ಚಾದ ಡಿಸೆಂಬರ್ ೨೫ ಒಂದನ್ನೇ ಬಲ್ಲವರಿಗೆ ಈ ನಡೆಯ ವಿಸ್ತಾರವು ಗೋಚರಿಸುವುದಿಲ್ಲ. ಒಂದು ಪರ್ವದ ಅರ್ಥವು ಅದರ ಹಿಂದಣ ವ್ರತದಲ್ಲಿಯೂ ಮುಂದಣ ಆಚರಣೆಯಲ್ಲಿಯೂ ಹರಡಿಕೊಂಡಿರುತ್ತದೆ ಎಂಬುದನ್ನು, ಧನುರ್ಮಾಸವನ್ನು ಬಿಟ್ಟು ಸಂಕ್ರಾಂತಿಯನ್ನು ಭಾವಿಸಲಾರದ ಈ ಸೀಮೆಯವರಿಗೆ ಯಾರೂ ಕಲಿಸಬೇಕಾದುದಿಲ್ಲ. ಆ ಅರಿವನ್ನೇ ಆಧಾರವಾಗಿಟ್ಟುಕೊಂಡು, ನೆರೆಯವರ ಪಂಚಾಂಗವನ್ನು ಆದರದಿಂದ ಓದಿಕೊಳ್ಳುವುದು ಈ ಲೇಖನದ ಉದ್ದೇಶ.

ಲೋಕವ್ಯವಹಾರದ ವರ್ಷವು ಜನವರಿಯಲ್ಲಿ ಮೊದಲಾದರೆ, ಕಥೋಲಿಕ ಧರ್ಮಸಭೆಯ ಆರಾಧನಾ ವರ್ಷವು ಅದಕ್ಕೆ ಸುಮಾರು ಐದು ವಾರ ಮುಂಚೆಯೇ ಮೊದಲಾಗುತ್ತದೆ. ನವೆಂಬರಿನ ಕೊನೆಯ ಭಾಗದಲ್ಲಿ ಕ್ರಿಸ್ತರಾಜರ ಹಬ್ಬವು ಹಳೆಯ ವರ್ಷದ ಕಟ್ಟಕಡೆಯ ಭಾನುವಾರವನ್ನು ಅಲಂಕರಿಸುತ್ತದೆ. ಮೊದಲನೆಯ ಮಹಾಯುದ್ಧದ ತರುವಾಯ ರಾಜ್ಯಗಳ ಅಹಂಕಾರವನ್ನು ಕಂಡು ನೊಂದಿದ್ದ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು (ಪೋಪರು) ೧೯೨೫ರಲ್ಲಿ ಸ್ಥಾಪಿಸಿದ ಹಬ್ಬವದು. ಅದರ ಮುಂದಿನ ಭಾನುವಾರವೇ ಆಗಮನ ಕಾಲದ ಆರಂಭ. ಸಂತ ಅಂದ್ರೆಯರ ದಿನವಾದ ನವೆಂಬರ್ ೩೦ಕ್ಕೆ ಅತ್ಯಂತ ಸಮೀಪವಾದ ಭಾನುವಾರವನ್ನು ಇದಕ್ಕಾಗಿ ಆರಿಸಿಕೊಳ್ಳುವುದರಿಂದ, ಅದು ನವೆಂಬರ್ ೨೭ಕ್ಕಿಂತ ಮುಂಚೆ ಬರುವಂತಿಲ್ಲ, ಡಿಸೆಂಬರ್ ೩ನ್ನು ದಾಟುವಂತಿಲ್ಲ. ನಾಲ್ಕು ಭಾನುವಾರಗಳು ಒಳಗೊಂಡಿರಲೇಬೇಕೆಂಬ ನಿಯಮವಿದ್ದರೂ, ಕ್ರಿಸ್ಮಸ್ ಬೀಳುವ ವಾರವನ್ನು ಅನುಸರಿಸಿ ಈ ಕಾಲವು ಒಂದು ವರ್ಷ ೨೨ ದಿನಗಳಷ್ಟು ಹ್ರಸ್ವವೂ ಮತ್ತೊಂದು ವರ್ಷ ೨೮ ದಿನಗಳಷ್ಟು ದೀರ್ಘವೂ ಆಗುವುದುಂಟು. ಅಂದಿನಿಂದಲೇ ಭಾನುವಾರದ ಪೂಜೆಯಲ್ಲಿ ಓದುವ ಶುಭಸಂದೇಶದ ಗ್ರಂಥವೂ ಬದಲಾಗುತ್ತದೆ: ಒಂದು ವರ್ಷ ಮತ್ತಾಯನದು, ಮರುವರ್ಷ ಮಾರ್ಕನದು, ಮೂರನೆಯ ವರ್ಷ ಲೂಕನದು, ಯೊವಾನ್ನನ ಗ್ರಂಥವು ಮೂರು ವರ್ಷಗಳಲ್ಲಿಯೂ ವಿಶೇಷ ಕಾಲಗಳಿಗೆ ಮೀಸಲು. ಹೀಗೆ ಮೂರು ವರ್ಷಗಳ ಒಂದು ಆವರ್ತದಲ್ಲಿ ಸಾಮಾನ್ಯ ಭಕ್ತನು, ಅಕ್ಷರಸ್ಥನಾಗಿರಲಿ ಆಗದಿರಲಿ, ನಾಲ್ಕು ಶುಭಸಂದೇಶಗಳ ಸಾರವನ್ನೂ ಕಿವಿಯಿಂದಲೇ ಕೇಳಿ ಮುಗಿಸಿರುತ್ತಾನೆ.

ಈ ಪಂಚಾಂಗದ ಗಣಿತವು ನಮಗೆ ಅಪರಿಚಿತವಾದುದೇನೂ ಅಲ್ಲ. ಯುಗಾದಿ, ಗೌರಿ-ಗಣೇಶ, ದೀಪಾವಳಿಗಳನ್ನು ಚಾಂದ್ರಮಾನದಿಂದಲೂ ಸಂಕ್ರಾಂತಿಯನ್ನು ಸೌರಮಾನದಿಂದಲೂ ಎಣಿಸುವ ಕನ್ನಡನಾಡಿನ ಮನೆತನಗಳಂತೆಯೇ ಧರ್ಮಸಭೆಯೂ ಸೂರ್ಯಚಂದ್ರರಿಬ್ಬರನ್ನೂ ಕಾಲದ ಸಾಕ್ಷಿಗಳನ್ನಾಗಿ ಮಾಡಿಕೊಂಡಿದೆ. ಕ್ರಿಸ್ಮಸ್ಸು ಸೂರ್ಯನ ಗತಿಗೆ ಕಟ್ಟುಬಿದ್ದ ಸ್ಥಿರಪರ್ವ. ಪುನರುತ್ಥಾನದ ಪಾಸ್ಕಹಬ್ಬವಾದರೋ ಮಾರ್ಚ್ ೨೧ರಂದಾಗಲಿ ಅದರ ತರುವಾಯವಾಗಲಿ ಬರುವ ಮೊದಲ ಪೌರ್ಣಮಿಯನ್ನು ಅನುಸರಿಸಿದ ಭಾನುವಾರಕ್ಕೆ ನಿಗದಿಯಾದ ಚರಪರ್ವ. ಚಳಿಗಾಲದ ಆರಾಧನಾ ಕ್ರಮವು ಈ ಎರಡು ಧ್ರುವಗಳ ನಡುವೆ ಹಾಸಿಕೊಂಡಿದೆ: ಅದರ ಪೂರ್ವಾರ್ಧವನ್ನು ಸೂರ್ಯನು ಆಳುತ್ತಾನೆ, ಉತ್ತರಾರ್ಧವು ಎಲ್ಲಿ ಮುಗಿಯಬೇಕೆಂಬುದನ್ನು ಚಂದ್ರನು ನಿರ್ಣಯಿಸುತ್ತಾನೆ.

ಆಗಮನ ಕಾಲದ ಸ್ವಭಾವವು ಪ್ರತೀಕ್ಷೆ. ಪೂಜೆಯನ್ನರ್ಪಿಸುವ ಗುರುಗಳು ನೇರಳೆಯ ಬಣ್ಣದ ಪೂಜಾವಸ್ತ್ರವನ್ನು ಧರಿಸುತ್ತಾರೆ. ಬಲಿಪೀಠದ ಪುಷ್ಪಾಲಂಕಾರವು ಮಿತವಾಗುತ್ತದೆ. ಸಾಮಾನ್ಯವಾಗಿ ಭಾನುವಾರಗಳಲ್ಲಿ ಉಚ್ಚಕಂಠದಿಂದ ಹಾಡುವ ಮಹಿಮಾಗೀತೆಯನ್ನು, ಕ್ರಿಸ್ತಜನನದ ರಾತ್ರಿ ಹೊಸದಾಗಿ ಹಾಡಬೇಕೆಂಬ ಉದ್ದೇಶದಿಂದ, ಈ ಭಾನುವಾರಗಳಲ್ಲಿ ಹಾಡದೆ ಬಿಡುತ್ತಾರೆ. ಪ್ರವಾದಿ ಯೆಶಾಯನ ಭರವಸೆಯ ವಾಕ್ಯಗಳನ್ನೂ, ಅರಣ್ಯದಲ್ಲಿ ನಿಂತು ಜನರನ್ನು ಪಶ್ಚಾತ್ತಾಪಕ್ಕೆ ಕರೆದ ಸ್ನಾನಿಕ ಯೊವಾನ್ನನ ಕಟುನುಡಿಗಳನ್ನೂ ಓದುತ್ತಾರೆ. ಮೂರನೆಯ ಭಾನುವಾರ ಬಂದಾಗ ನೇರಳೆಯು ಒಂದು ದಿನದ ಮಟ್ಟಿಗೆ ಗುಲಾಬಿಗೆ ತಿರುಗುವುದುಂಟು: ವ್ರತದ ನಡುವೆ, ಫಲವು ಸಮೀಪಿಸಿತೆಂದು ಸಾರುವ ಆನಂದದ ಭಾನುವಾರವದು. ಈ ಪ್ರತೀಕ್ಷೆಯ ಒಡಲಿನಲ್ಲಿಯೇ ಎರಡು ಮುಖ್ಯ ಹಬ್ಬಗಳು ಬರುತ್ತವೆ. ಭಾರತದ ಪೂರ್ವಪಶ್ಚಿಮ ತೀರಗಳಲ್ಲೆಲ್ಲ ಸಂಚರಿಸಿ ೧೫೫೨ರ ಡಿಸೆಂಬರ್ ೩ರಂದು ಚೀನಾದ ಬಾಗಿಲಲ್ಲಿ ದೇಹವಿಟ್ಟ ಸಂತ ಫ್ರಾನ್ಸಿಸ್ ಕ್ಸೇವಿಯರರ ಸ್ಮರಣೆ ಒಂದು; ಬೆಂಗಳೂರಿನ ಪ್ರಧಾನಾಲಯವು ಆ ಸಂತರ ಹೆಸರನ್ನೇ ಹೊತ್ತಿರುವುದರಿಂದ ಈ ಧರ್ಮಪ್ರಾಂತ್ಯಕ್ಕೆ ಅದು ವಿಶೇಷ ದಿನ. ಡಿಸೆಂಬರ್ ೮ರ ಅಮಲೋದ್ಭವ ಮಾತೆಯ ಹಬ್ಬವು ಮತ್ತೊಂದು. ಕನ್ಯಾಮರಿಯಮ್ಮನು ತನ್ನ ತಾಯ ಗರ್ಭದಲ್ಲಿ ಉದ್ಭವಿಸಿದ ಕ್ಷಣದಿಂದಲೇ ಪಾಪದ ಕಲೆಯಿಲ್ಲದವಳಾಗಿದ್ದಳೆಂಬ ನಂಬಿಕೆಯು ಬಹು ಪ್ರಾಚೀನವಾದುದಾದರೂ, ಅದನ್ನು ಧರ್ಮಸಭೆಯ ನಿಶ್ಚಿತ ಸಿದ್ಧಾಂತವೆಂದು ಒಂಬತ್ತನೆಯ ಪಿಯುಸ್ ಜಗದ್ಗುರುಗಳು ಘೋಷಿಸಿದ್ದು ೧೮೫೪ರಲ್ಲಿ.

ಡಿಸೆಂಬರ್ ೧೭ರಿಂದ ಪ್ರತೀಕ್ಷೆಯು ತೀವ್ರವಾಗುತ್ತದೆ. ಅಂದಿನಿಂದ ೨೩ರವರೆಗೆ ದಿನಕ್ಕೊಂದರಂತೆ, ಬರಲಿರುವ ರಕ್ಷಕನನ್ನು ಜ್ಞಾನಸ್ವರೂಪನೆಂದು, ಪ್ರಭುವೆಂದು, ಉದಯಸೂರ್ಯನೆಂದು ಸಂಬೋಧಿಸುವ ಏಳು ಪ್ರಾಚೀನ ಸ್ತುತಿಗಳನ್ನು ಸಾಯಂಕಾಲದ ಪ್ರಾರ್ಥನೆಯಲ್ಲಿ ಹಾಡುತ್ತಾರೆ. ಡಿಸೆಂಬರ್ ೧೬ರ ಸುಮಾರಿಗೆ ಸೂರ್ಯನು ಧನೂರಾಶಿಯನ್ನು ಪ್ರವೇಶಿಸಿ ದೇವಾಲಯಗಳಲ್ಲಿ ಧನುರ್ಮಾಸದ ಪೂಜೆಗಳು ಮೊದಲಾಗಿರುವುದರಿಂದ, ಆ ಒಂದು ವಾರದಲ್ಲಿ ಈ ಸೀಮೆಯ ದೇವಾಲಯಗಳಲ್ಲಿ ಸೂರ್ಯನು ಮೂಡುವ ಮೊದಲು ಒಂದು ಸ್ತುತಿಯೂ ಇಗರ್ಜಿಗಳಲ್ಲಿ ಸೂರ್ಯನು ಮುಳುಗುವ ಹೊತ್ತಿಗೆ ಮತ್ತೊಂದು ಸ್ತುತಿಯೂ ಕೇಳಿಬರುತ್ತವೆ. ಇವು ಒಂದನ್ನೊಂದು ಅನುಕರಿಸಿದುವಲ್ಲ. ಹಗಲು ಅತ್ಯಂತ ಕಿರಿದಾದ ಋತುವಿನಲ್ಲಿ ಬೆಳಕಿಗಾಗಿ ಎಚ್ಚತ್ತು ಕಾಯುವುದು ಮನುಷ್ಯನ ಭಕ್ತಿಗೆ ಎಲ್ಲೆಲ್ಲಿಯೂ ಸಹಜವಾದ ಧರ್ಮವೆಂಬುದೇ ಇಲ್ಲಿಯ ತಾತ್ಪರ್ಯ.

ಡಿಸೆಂಬರ್ ೨೪ರ ಸಂಜೆಯೊಡನೆ ಆಗಮನ ಕಾಲವು ಮುಗಿದು ನೇರಳೆಯ ಜಾಗಕ್ಕೆ ಬಿಳುಪು ಬರುತ್ತದೆ. ಕ್ರಿಸ್ಮಸ್ಸಿಗೆ ಧರ್ಮಸಭೆಯು ಒಂದೇ ಪೂಜೆಯಿಂದ ತೃಪ್ತವಾಗದೆ, ರಾತ್ರಿಯದೊಂದು, ಅರುಣೋದಯದ್ದೊಂದು, ಹಗಲಿನದೊಂದು ಎಂಬಂತೆ ಮೂರು ಬೇರೆಬೇರೆ ಪೂಜಾವಿಧಿಗಳನ್ನು ಪ್ರಾಚೀನ ಕಾಲದಿಂದ ಇರಿಸಿಕೊಂಡು ಬಂದಿದೆ. ರಾತ್ರಿಯ ಪೂಜೆಯಲ್ಲಿ ಬೆತ್ಲೆಹೇಮಿನ ಜನನವೃತ್ತಾಂತವನ್ನೂ, ಮುಂಜಾವಿನ ಪೂಜೆಯಲ್ಲಿ ಕುರುಬರು ಕೂಸನ್ನು ಕಾಣಲು ಓಡಿದ ಕಥೆಯನ್ನೂ, ಹಗಲಿನ ಪೂಜೆಯಲ್ಲಿ ಆದಿಯಿಂದಲೂ ಇದ್ದ ದಿವ್ಯವಾಣಿಯೇ ನರರೂಪವನ್ನು ತಾಳಿತೆಂಬ ಯೊವಾನ್ನನ ಗಂಭೀರ ದರ್ಶನವನ್ನೂ ಓದುವುದರಿಂದ, ಕೇಳುವವನ ಬುದ್ಧಿಯು ಘಟನೆಯಿಂದ ಮೊದಲಾಗಿ ತತ್ತ್ವದವರೆಗೆ ಒಂದೇ ದಿನದಲ್ಲಿ ಏರುತ್ತದೆ. ಇಗರ್ಜಿಯಲ್ಲಿಯೂ ಮನೆಗಳಲ್ಲಿಯೂ ಹುಲ್ಲು, ಮಣ್ಣು, ಮರದ ಕೊಂಬೆಗಳಿಂದ ಗೋದಲಿಯನ್ನು ಕಟ್ಟಿ, ಮೇಲೆ ಕಾಗದದ ನಕ್ಷತ್ರವನ್ನು ತೂಗಿಬಿಡುವ ಸಂಭ್ರಮವು ಎಲ್ಲರಿಗೂ ತಿಳಿದುದೇ. ಅಸ್ಸೀಸಿಯ ಸಂತ ಫ್ರಾನ್ಸಿಸರು ೧೨೨೩ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ, ಓದಲರಿಯದ ಹಳ್ಳಿಗರಿಗೂ ಆ ಬಡಜನನವು ಕಣ್ಣಿಗೆ ಕಟ್ಟಲೆಂದು, ಹುಲ್ಲು ತುಂಬಿದ ಗೋದಲಿಯನ್ನೂ ನಿಜವಾದ ಎತ್ತು ಕತ್ತೆಗಳನ್ನೂ ಇರಿಸಿ ಕ್ರಿಸ್ಮಸ್ ಪೂಜೆಯನ್ನು ನಡೆಸಿದ್ದರಿಂದ ಈ ಪದ್ಧತಿಯು ಲೋಕದಲ್ಲೆಲ್ಲ ಹರಡಿತು. ಒಕ್ಕಲುತನವನ್ನೇ ನಂಬಿದ ಬಯಲುಸೀಮೆಯ ಮನೆಗಳಲ್ಲಿ ದನಕರುಗಳ ನಡುವೆ ಹುಟ್ಟಿದ ದೇವರಕೂಸು ಪರಕೀಯವಾಗಿ ತೋರುವುದು ಹೇಗೆ ತಾನೆ ಸಾಧ್ಯ?

ಆದರೆ ಡಿಸೆಂಬರ್ ೨೫ನ್ನೇ ಏಕೆ ಆರಿಸಿಕೊಂಡರು? ಶುಭಸಂದೇಶಗಳು ಯೇಸುವಿನ ಜನ್ಮದಿನಾಂಕವನ್ನು ಹೇಳುವುದಿಲ್ಲ. ರೋಮ್ ನಗರದಲ್ಲಿ ಕ್ರಿಸ್ತಜನನವನ್ನು ಈ ದಿನ ಎಣಿಸುತ್ತಿದ್ದರೆಂಬುದಕ್ಕೆ ದೊರೆಯುವ ಅತಿ ಹಳೆಯ ಆಧಾರವು ಕ್ರಿ.ಶ. ೩೩೬ಕ್ಕೆ ಸಂಬಂಧಿಸಿದುದು. ವಿದ್ವಾಂಸರಲ್ಲಿ ಎರಡು ಪಕ್ಷಗಳುಂಟು: ಮಾರ್ಚ್ ೨೫ರಂದು ಮರಿಯಮ್ಮನು ಗರ್ಭವತಿಯಾದಳೆಂಬ ಪ್ರಾಚೀನ ನಂಬಿಕೆಗೆ ಒಂಬತ್ತು ತಿಂಗಳನ್ನು ಕೂಡಿಸಿ ಈ ದಿನವನ್ನು ಪಡೆದರೆಂಬುದು ಒಂದು, ರೋಮನರು ಸಂಪ್ರದಾಯವಾಗಿ ಸೂರ್ಯನು ಉತ್ತರಕ್ಕೆ ತಿರುಗುವ ದಿನವೆಂದು ಎಣಿಸುತ್ತಿದ್ದ ಡಿಸೆಂಬರ್ ೨೫ಕ್ಕೆ, ಲೋಕದ ನಿಜವಾದ ಬೆಳಕೆಂದು ತಾವು ನಂಬಿದವನ ಜನನವನ್ನು ಹೊಂದಿಸಿದರೆಂಬುದು ಮತ್ತೊಂದು. ಯಾವ ಪಕ್ಷವನ್ನು ಹಿಡಿದರೂ, ದೀರ್ಘರಾತ್ರಿಯ ತುದಿಯಲ್ಲಿ ಬೆಳಕು ಹುಟ್ಟುವುದೆಂಬ ಭಾವವು ಈ ಹಬ್ಬದ ಸ್ತೋತ್ರಗಳಲ್ಲೆಲ್ಲ ಬೆರೆತಿದೆ.

ನಮ್ಮ ಮಕರ ಸಂಕ್ರಾಂತಿಯ ಇತಿಹಾಸವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ನಕ್ಷತ್ರಗಳನ್ನು ಆಧರಿಸಿದ ನಿರಯನ ವರ್ಷವು ಋತುಗಳನ್ನು ಆಧರಿಸಿದ ಸಾಯನ ವರ್ಷಕ್ಕಿಂತ ಸುಮಾರು ೨೦ ನಿಮಿಷ ದೀರ್ಘವಾದುದರಿಂದ, ಸುಮಾರು ೭೨ ವರ್ಷಗಳಿಗೆ ಒಂದು ದಿನದಂತೆ ಸಂಕ್ರಾಂತಿಯು ನಿಜವಾದ ಉತ್ತರಾಯಣಾರಂಭದಿಂದ ಮುಂದಕ್ಕೆ ಸರಿಯುತ್ತ ಬಂದಿದೆ. ಕ್ರಿಸ್ತಶಕದ ಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಮಕರ ಸಂಕ್ರಮಣವೂ ಉತ್ತರಾಯಣಾರಂಭವೂ ಒಂದೇ ದಿನಕ್ಕೆ ಕೂಡಿಬರುತ್ತಿದ್ದುವು. ಇತ್ತ ಯೂರೋಪಿನಲ್ಲಿ ಜೂಲಿಯಸ್ ಸೀಸರನ ಪಂಚಾಂಗವು ವರ್ಷಕ್ಕೆ ಸುಮಾರು ೧೧ ನಿಮಿಷದಂತೆ ಹಿಂದುಳಿದು, ಪಾಸ್ಕಹಬ್ಬದ ಗಣನೆಯೇ ಕೆಡತೊಡಗಿದಾಗ, ಹದಿಮೂರನೆಯ ಗ್ರೆಗೊರಿ ಜಗದ್ಗುರುಗಳು ೧೫೮೨ರಲ್ಲಿ ಅಕ್ಟೋಬರ್ ೪ರ ಮರುದಿನವನ್ನು ೧೫ ಎಂದು ಎಣಿಸುವಂತೆ ವಿಧಿಸಿ, ಋತುಗಳನ್ನು ಕ್ರಿ.ಶ. ೩೨೫ರ ನೈಸೀಯ ಮಹಾಸಭೆಯ ಕಾಲದಲ್ಲಿದ್ದ ಸ್ಥಾನಕ್ಕೆ ತಂದು ನಿಲ್ಲಿಸಿದರು. ಆದುದರಿಂದ ಕ್ರಿಸ್ಮಸ್ಸು ಅಯನಸಂಧಿಯ ಸಮೀಪದಲ್ಲಿಯೇ ಉಳಿಯಿತು, ಸಂಕ್ರಾಂತಿಯು ಜನವರಿ ೧೪ರ ಆಸುಪಾಸಿಗೆ ಬಂದು ನಿಂತಿತು. ಇಂದು ಈ ಎರಡು ಪರ್ವಗಳನ್ನು ಅಗಲಿಸಿರುವ ೨೦ ದಿನಗಳು ಗಣಿತಪದ್ಧತಿಗಳ ಭೇದದಿಂದ ಹುಟ್ಟಿದುವೆಂಬುದನ್ನೂ, ಒಂದಾನೊಂದು ಕಾಲದಲ್ಲಿ ಎರಡೂ ಒಂದೇ ಸೌರಸಂಧಿಯ ನೆರೆಯಲ್ಲಿದ್ದುವೆಂಬುದನ್ನೂ ನೆನೆದಾಗ, ಬೆಟ್ಟದ ಪರ್ವವೂ ಇಗರ್ಜಿಯ ಪರ್ವವೂ ಒಂದೇ ಆಕಾಶದ ಕೆಳಗೆ ನಡೆಯುತ್ತಿರುವುವೆಂಬ ಮಾತಿಗೆ ನಿಶ್ಚಿತವಾದ ಅರ್ಥ ಬರುತ್ತದೆ.

ಕ್ರಿಸ್ಮಸ್ಸು ಒಂದು ದಿನಕ್ಕೆ ಮುಗಿಯುವ ಹಬ್ಬವಲ್ಲ. ಎಂಟು ದಿನಗಳ ಅಷ್ಟಾಹ ಅದಕ್ಕುಂಟು. ಆ ಎಂಟು ದಿನಗಳನ್ನು ಧರ್ಮಸಭೆಯು ತುಂಬಿಸಿರುವ ರೀತಿ ಆಲೋಚನಾರ್ಹವಾದುದು. ಜನನದ ಮರುದಿನವೇ, ಡಿಸೆಂಬರ್ ೨೬ರಂದು, ಕಲ್ಲೆಸೆತಕ್ಕೆ ಸಿಲುಕಿ ಸಾಯುತ್ತಲೂ ಕೊಂದವರಿಗಾಗಿ ಪ್ರಾರ್ಥಿಸಿದ ಮೊದಲ ರಕ್ತಸಾಕ್ಷಿ ಸಂತ ಸ್ತೇಫಾನನ ಹಬ್ಬ. ಬಿಳಿಯ ವಸ್ತ್ರವನ್ನು ತೆಗೆದಿರಿಸಿ ಕೆಂಪನ್ನು ಧರಿಸುತ್ತಾರೆ. ೨೭ರಂದು ಪ್ರೇಮವನ್ನೇ ಬೋಧಿಸಿದ ಸಂತ ಯೊವಾನ್ನನದು. ೨೮ರಂದು ಪುನಃ ಕೆಂಪು: ಬೆತ್ಲೆಹೇಮಿನಲ್ಲಿ ಹೊಸ ಅರಸನು ಹುಟ್ಟಿದನೆಂಬ ಭೀತಿಯಿಂದ ಹೆರೋದನು ಕೊಲ್ಲಿಸಿದ ಮುಗ್ಧ ಶಿಶುಗಳ ಸ್ಮರಣೆ. ಅಷ್ಟಾಹದ ನಡುವಣ ಭಾನುವಾರ ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬದ್ದು. ಎಂಟನೆಯ ದಿನವಾದ ಜನವರಿ ೧ರಂದು ದೇವಮಾತೆ ಮರಿಯಮ್ಮನದು. ಜನ್ಮೋತ್ಸವದ ನೆರೆಯಲ್ಲಿಯೇ ಮರಣವನ್ನೂ ಶಿಶುಹತ್ಯೆಯನ್ನೂ ಇರಿಸಿರುವುದು, ಸಂತೋಷವು ಲೋಕದ ದುಃಖವನ್ನು ಮರೆಯತಕ್ಕದ್ದಲ್ಲವೆಂಬ ದೊಡ್ಡ ವಿವೇಕ.

ಆ ವಿವೇಕಕ್ಕೆ ಈ ಸೀಮೆಯ ಚರಿತ್ರೆಯಲ್ಲಿಯೇ ಒಂದು ಸಾಕ್ಷಿಯುಂಟು. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ ೧೮೭೬ರಿಂದ ೧೮೭೮ರವರೆಗೆ, ಮೈಸೂರು ಸೀಮೆಯನ್ನು ಹಿಡಿದ ಘೋರ ಬರಗಾಲವು ಮನೆಮನೆಗಳನ್ನೇ ಬರಿದು ಮಾಡಿತು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರ ಹೊತ್ತಿಗೆ ೪೨ ಲಕ್ಷದ ಸುಮಾರಿಗೆ ಇಳಿದಿತ್ತು. ತಂದೆತಾಯಿಗಳನ್ನು ಕಳೆದುಕೊಂಡು ದಾರಿಯ ಪಾಲಾದ ಮಕ್ಕಳನ್ನು ಕಥೋಲಿಕ ಮಿಷನ್ನಿನವರು ಒಂದೆಡೆ ಸೇರಿಸಿ ಸಲಹಿ, ಅವರಿಗೆ ಒಕ್ಕಲುತನವನ್ನು ಕಲಿಸಿ, ಭೂಮಿಯ ಮೇಲೆ ನೆಲೆನಿಲ್ಲಿಸಲೆಂದು ಕಟ್ಟಿದ ಹಳ್ಳಿಗಳಲ್ಲಿ ಒಂದು, ಅಂದು ನೆಲಮಂಗಲದ ತಾಲ್ಲೂಕಿಗೆ ಸೇರಿದ್ದ, ಹೆಸರಘಟ್ಟದ ಕಡೆಯ ಸಿಲುವೆಪುರ. ಕನಕಪುರದ ಕಡೆಯ ಮರಿಯಾಪುರವು ಅಂಥದೇ ಮತ್ತೊಂದು. ವಂಶದ ನೆನಪೇ ತುಂಡಾಗಿದ್ದ ಮಕ್ಕಳ ಸಮೂಹವೊಂದು ಊರಾಗಿ ಬೆಳೆಯಬೇಕಾದರೆ ಭೂಮಿಯೊಂದಿದ್ದರೆ ಸಾಲದು, ಎಲ್ಲರೂ ಒಟ್ಟಾಗಿ ನಡೆಯಬಹುದಾದ ಒಂದು ವರ್ಷವೂ ಬೇಕು. ಯಾವ ದಿನ ಉಪವಾಸ, ಯಾವ ದಿನ ತೇರು, ಯಾವ ದಿನ ಸತ್ತವರ ಸ್ಮರಣೆ ಎಂಬ ಕ್ರಮವಿದ್ದಲ್ಲಿ ಗುಂಪು ಸಮಾಜವಾಗುತ್ತದೆ. ಸಿಲುವೆಪುರದಂಥ ಊರುಗಳಿಗೆ ಆ ಕ್ರಮವನ್ನು ಕೊಟ್ಟುದು ಈ ಪಂಚಾಂಗ. ಮುಗ್ಧ ಶಿಶುಗಳ ದಿನದ ಅರ್ಥವನ್ನು ಬರಗಾಲದ ಅನಾಥರಿಗಿಂತ ಆಳವಾಗಿ ಅರಿಯಬಲ್ಲವರು ಯಾರಿದ್ದಾರು! ಕ್ರೈಸ್ತ ಭಾವವನ್ನು ಭಾರತೀಯ ರೇಖೆವರ್ಣಗಳಲ್ಲಿ ಮೂಡಿಸಿದ ಚಿತ್ರಕಾರ ಜ್ಯೋತಿ ಸಾಹಿಯವರು ತಮ್ಮ ಕಲಾಶ್ರಮವನ್ನು ಕಟ್ಟಿಕೊಂಡುದೂ ಸಿಲುವೆಪುರದಲ್ಲಿಯೇ.

ಈ ಪಂಚಾಂಗವು ಕನ್ನಡನಾಡಿನ ಒಳಸೀಮೆಗೆ ಬಂದುದು ಆ ಬರಗಾಲಕ್ಕೂ ಬಹು ಹಿಂದೆ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಸಂನ್ಯಾಸಿಗಳ ವೇಷವನ್ನೂ ನಿಯಮವನ್ನೂ ಅಂಗೀಕರಿಸಿ, ಕನ್ನಡವನ್ನು ಕಲಿತು, ಅದರಲ್ಲಿ ಧರ್ಮೋಪದೇಶದ ಗ್ರಂಥವನ್ನು ರಚಿಸಿದರು. ೧೭೭೩ರಲ್ಲಿ ಯೇಸುಸಭೆಯು ವಿಸರ್ಜಿತವಾದ ತರುವಾಯ ಫ್ರಾನ್ಸಿನ ಪ್ಯಾರಿಸ್ ಮಿಷನ್ನಿನ ಗುರುಗಳು ಆ ಹೊಣೆಯನ್ನು ಹೊತ್ತರು. ದೊಡ್ಡ ಸ್ವಾಮಿಯವರೆಂದು ಜನರಿಂದ ಕರೆಯಿಸಿಕೊಂಡ ಅಬ್ಬೆ ದುಬುವಾ ಅವರು ಆ ಪಂಕ್ತಿಯಲ್ಲಿ ಪ್ರಸಿದ್ಧರು. ಮೈಸೂರು ಮಿಷನ್ನಿನ ಧರ್ಮಾಧ್ಯಕ್ಷರಾದ ಶಾರ್ಬೊನೊ ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ೧೮೫೫ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟುವೂ ೧೮೬೧ರಲ್ಲಿ ಲ್ಯಾಟಿನ್-ಕನ್ನಡ ನಿಘಂಟುವೂ ಪ್ರಕಟವಾದುವು. ಆದರೂ ಪೂಜೆಯ ಭಾಷೆಯು ಲ್ಯಾಟಿನ್ನಾಗಿಯೇ ಉಳಿದಿತ್ತು. ಜಪ, ಹಾಡು, ಪ್ರಬೋಧನೆಗಳಲ್ಲಿ ಮಾತ್ರ ಕನ್ನಡ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೩ರ ಡಿಸೆಂಬರ್ ೪ರಂದು, ಆಗಮನ ಕಾಲದ ಮೊದಲ ವಾರದಲ್ಲಿಯೇ, ಆರಾಧನೆಯನ್ನು ಕುರಿತ ಶಾಸನವನ್ನು ಅಂಗೀಕರಿಸಿ ದೇಶಭಾಷೆಗಳಿಗೆ ಬಾಗಿಲನ್ನು ತೆರೆದುದರಿಂದ ಬಲಿಪೀಠದ ಪ್ರಾರ್ಥನೆಯೂ ಕನ್ನಡವಾಯಿತು. ಅದರ ಬೆನ್ನಿಗೆ ಬೆಂಗಳೂರಿನಲ್ಲಿ ೧೯೬೭ರಲ್ಲಿ ಗುರು ಅಮಲೋರ್ಪವದಾಸರ ನೇತೃತ್ವದಲ್ಲಿ ರಾಷ್ಟ್ರೀಯ ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವು ಸ್ಥಾಪಿತವಾಯಿತು. ಆರತಿ, ಅಂಜಲಿ, ಎಣ್ಣೆಯ ದೀಪ, ನೆಲದ ಮೇಲೆ ಕುಳಿತು ಮಾಡುವ ಪ್ರಾರ್ಥನೆ ಮೊದಲಾದ ಹನ್ನೆರಡು ಅಂಶಗಳಿಗೆ ೧೯೬೯ರಲ್ಲಿ ರೋಮಿನ ಸಮ್ಮತಿಯೂ ದೊರೆಯಿತು. ಆರನೆಯ ಪೌಲ್ ಜಗದ್ಗುರುಗಳು ಇಡೀ ಪಂಚಾಂಗವನ್ನು ಪರಿಷ್ಕರಿಸಿದ್ದೂ ಅದೇ ವರ್ಷ. ಇಂದು ಕ್ರಿಸ್ಮಸ್ ರಾತ್ರಿ ಬೆಂಗಳೂರಿನ ಸುತ್ತಣ ಹಳ್ಳಿಯ ಇಗರ್ಜಿಯಲ್ಲಿ ಕೇಳಿಬರುವ ಕನ್ನಡದ ಹಿಂದೆ ಮೂರು ಶತಮಾನಗಳಿಗೂ ಮೀರಿದ ಪರಿಶ್ರಮವಿದೆ.

ಜನವರಿಯ ಮೊದಲ ಭಾಗವು ದರ್ಶನದ ಕಾಲ. ಪೂರ್ವದಿಕ್ಕಿನಿಂದ ನಕ್ಷತ್ರವನ್ನು ಅನುಸರಿಸಿ ಬಂದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳಗಳನ್ನು ಕೂಸಿಗೆ ಕಾಣಿಕೆಯಿತ್ತ ಘಟನೆಯನ್ನು ಜನವರಿ ೬ರಂದು ಸ್ಮರಿಸುವುದು ಮೂಲಕ್ರಮವಾದರೂ, ನಮ್ಮ ದೇಶದಲ್ಲಿ ಎಲ್ಲರೂ ಭಾಗವಹಿಸಲೆಂದು ಅದನ್ನು ಸಮೀಪದ ಭಾನುವಾರಕ್ಕೆ ಹೊಂದಿಸಿಕೊಂಡಿದ್ದಾರೆ. ಆ ಜ್ಞಾನಿಗಳು ಯೆಹೂದ್ಯರಲ್ಲ, ಹೊರಗಿನವರು. ದೇವರ ಪ್ರಕಾಶವು ಯಾವೊಂದು ಜನಾಂಗದ ಸೊತ್ತೂ ಅಲ್ಲವೆಂಬುದು ಈ ಹಬ್ಬದ ಸಂದೇಶ. ಇದಾದೊಡನೆ ಬರುವುದು ಯೊರ್ದಾನ್ ನದಿಯಲ್ಲಿ ಯೇಸು ಸ್ನಾನದೀಕ್ಷೆಯನ್ನು ಪಡೆದ ಸ್ಮರಣೆ. ಅದರೊಂದಿಗೆ ಕ್ರಿಸ್ಮಸ್ ಕಾಲವು ಮುಕ್ತಾಯವಾಗಿ ಹಸಿರು ವಸ್ತ್ರದ ಸಾಧಾರಣ ಕಾಲವು ಮೊದಲಾಗುತ್ತದೆ. ಈ ಸ್ನಾನದೀಕ್ಷೆಯ ಹಬ್ಬವು ಸಂಕ್ರಾಂತಿಯ ಹಿಂದಿನ ವಾರದೊಳಗೆ ಬೀಳುವುದರಿಂದ, ಶಿವಗಂಗೆಯ ಶಿಖರದಲ್ಲಿ ಗಂಗೆಯನ್ನು ಎದುರುನೋಡುವ ದಿನಗಳಲ್ಲಿಯೇ ಇಗರ್ಜಿಗಳಲ್ಲಿ ನದೀಜಲದ ಪಾವನತ್ವವನ್ನು ಕುರಿತು ಪ್ರಬೋಧನೆಯು ನಡೆದಿರುತ್ತದೆ. ಎರಡರ ತತ್ತ್ವವೂ ಬೇರೆ, ಕಥೆಯೂ ಬೇರೆ; ನೀರನ್ನು ಕೈಮುಗಿದು ಸ್ವೀಕರಿಸುವ ವಿನಯ ಮಾತ್ರ ಎರಡಕ್ಕೂ ಸಮಾನ.

ಜನವರಿ ೧೪ರಂದು, ಬೆಟ್ಟದಲ್ಲಿ ಕಲ್ಯಾಣೋತ್ಸವವೂ ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಹೆಯಲ್ಲಿ ಸೂರ್ಯರಶ್ಮಿಯ ದರ್ಶನವೂ ಜನರನ್ನು ಸೆಳೆಯುವ ಆ ಸಂಕ್ರಾಂತಿಯ ಸಮಯದಲ್ಲಿಯೇ, ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯದಲ್ಲಿ ವಾರ್ಷಿಕ ಮಹೋತ್ಸವವು ನಡೆಯುತ್ತದೆ. ಪ್ರಾಗ್ ನಗರದ ಕಾರ್ಮೆಲ್ ಸಭೆಯವರಿಗೆ ೧೬೨೮ರಲ್ಲಿ ರಾಜಮನೆತನದ ಪೊಲಿಕ್ಸೇನಾ ಎಂಬಾಕೆ ಅರ್ಪಿಸಿದ, ಕಿರೀಟಧಾರಿಯಾದ ಬಾಲಯೇಸುವಿನ ಪುಟ್ಟ ಪ್ರತಿಮೆಯಿಂದ ಹರಡಿದ ಭಕ್ತಿಯು ವಿವೇಕನಗರದಲ್ಲಿ ನೆಲೆಯೂರಿ, ಗುರುವಾರಗಳಂದು ಸಕಲ ಮತಗಳ ಜನರನ್ನೂ ಒಂದೆಡೆ ಸೇರಿಸುತ್ತಿದೆ. ಎಳ್ಳುಬೆಲ್ಲವನ್ನು ಬೀರಿ ಬಂದ ಕೈಗಳೇ ಅಲ್ಲಿ ಮೇಣದ ಬತ್ತಿಯನ್ನು ಹಚ್ಚುವುದುಂಟು. ಆರು ದಿನಗಳ ತರುವಾಯ, ಜನವರಿ ೨೦ರಂದು, ಸಾಂಕ್ರಾಮಿಕ ರೋಗಗಳಿಂದ ಕಾಯುವವನೆಂದು ಯೂರೋಪಿನ ಜನ ಶತಮಾನಗಳಿಂದ ಮೊರೆಹೊಕ್ಕ ಸಂತ ಸೆಬಾಸ್ತಿಯನ್ನನ ಹಬ್ಬ. ೧೮೯೮ರ ಪ್ಲೇಗಿನಲ್ಲಿ ಬೆಂದು, ಪ್ಲೇಗಿನ ಮಾರಮ್ಮನಿಗೆ ಗುಡಿಗಳನ್ನು ಕಟ್ಟಿದ ಈ ನಾಡಿಗೆ ಆ ಮೊರೆಯ ಆರ್ತತೆಯು ಪರಿಚಿತವಾದುದೇ. ಅದೇ ಮಾಸದ ಕೊನೆಯ ಭಾಗದಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಬೆಸಿಲಿಕದಲ್ಲಿ ಹಲವು ದಿನಗಳ ಜಾತ್ರೆ. ಆ ಸಂತರ ಸ್ಮರಣೆಯ ದಿನವು ರೋಮಿನ ಪಂಚಾಂಗದಲ್ಲಿ ಆಗಸ್ಟ್ ೧೦; ಕರಾವಳಿಯಲ್ಲಿ ಅದು ಬಿಡುವಿಲ್ಲದ ಮಳೆಯ ಕಾಲ. ಉತ್ಸವವಾದರೋ ಆಕಾಶವು ತಿಳಿಯಾಗಿ, ದಾರಿಗಳು ಒಣಗಿ, ಬೆಳೆಯು ಮನೆಸೇರಿದ ಜನವರಿಯಲ್ಲಿ ನಡೆಯುತ್ತದೆ. ನಾಡಿನ ಋತುವಿಗೆ ಒಗ್ಗಿ ಬಾಳುವ ಶಕ್ತಿಯು ಪಂಚಾಂಗಕ್ಕುಂಟೆಂಬುದಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತವು ಬೇಕಿಲ್ಲ.

ಕ್ರಿಸ್ಮಸ್ಸಿನಿಂದ ನಲವತ್ತನೆಯ ದಿನ, ಫೆಬ್ರವರಿ ೨ರಂದು, ಕೂಸನ್ನು ಯೆರೂಸಲೇಮಿನ ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ. ವರ್ಷಕ್ಕೆ ಬೇಕಾದ ಮೇಣದ ಬತ್ತಿಗಳನ್ನು ಅಂದು ಮಂತ್ರಿಸಿ, ಹೊತ್ತಿಸಿ ಹಿಡಿದು ಮೆರವಣಿಗೆ ಹೋಗುತ್ತಾರೆ. ೧೮೫೮ರಲ್ಲಿ ಫ್ರಾನ್ಸಿನ ಬಡ ಬಾಲಿಕೆಯೊಬ್ಬಳಿಗೆ ಮರಿಯಮ್ಮನು ದರ್ಶನವಿತ್ತಳೆಂಬ ನೆನಪಿನಲ್ಲಿ ಫೆಬ್ರವರಿ ೧೧ರಂದು ಲೂರ್ದು ಮಾತೆಯ ಹಬ್ಬವನ್ನು ಆಚರಿಸುತ್ತಾರೆ. ಇದೇ ದಿನವನ್ನು ರೋಗಿಗಳ ದಿನವೆಂದೂ ಧರ್ಮಸಭೆಯು ಗೊತ್ತುಮಾಡಿದೆ. ಅಲ್ಲಿಂದ ಮುಂದೆ ಚಂದ್ರನ ಆಳ್ವಿಕೆ. ಪಾಸ್ಕಹಬ್ಬಕ್ಕೆ ೪೬ ದಿನಗಳ ಹಿಂದೆ, ಎಂದರೆ ಫೆಬ್ರವರಿ ೪ಕ್ಕೂ ಮಾರ್ಚ್ ೧೦ಕ್ಕೂ ನಡುವೆ, ಬರುವ ವಿಭೂತಿ ಬುಧವಾರದಂದು, ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಮಂತ್ರಿಸಿ ಇಟ್ಟಿದ್ದ ಗರಿಗಳನ್ನು ಸುಟ್ಟ ಬೂದಿಯಿಂದ ಭಕ್ತರ ಹಣೆಗೆ ಶಿಲುಬೆಯ ಗುರುತನ್ನಿಟ್ಟು, ಮನುಷ್ಯನು ಮಣ್ಣಿನವನೆಂಬುದನ್ನು ನೆನಪಿಸುತ್ತಾರೆ, ತಪಸ್ಸುಕಾಲವು ಮೊದಲಾಗುತ್ತದೆ. ಪಾಸ್ಕಹಬ್ಬದ ಪೌರ್ಣಮಿಯು ಚೈತ್ರದ್ದಾದ ವರ್ಷಗಳಲ್ಲಿ, ಮಾಘ ಬಹುಳ ಚತುರ್ದಶಿಯ ಮಹಾಶಿವರಾತ್ರಿಯೂ ವಿಭೂತಿ ಬುಧವಾರವೂ ಒಂದೇ ಅಮಾವಾಸ್ಯೆಯ ಅತ್ತಿತ್ತ ಬೀಳುತ್ತವೆ. ೨೦೨೩ರಲ್ಲಿ ಶಿವರಾತ್ರಿ ಫೆಬ್ರವರಿ ೧೮ಕ್ಕೆ, ವಿಭೂತಿ ಬುಧವಾರ ೨೨ಕ್ಕೆ. ೨೦೨೫ರಲ್ಲಿ ಒಂದು ಫೆಬ್ರವರಿ ೨೬ಕ್ಕೆ, ಮತ್ತೊಂದು ಮಾರ್ಚ್ ೫ಕ್ಕೆ. ಶಿವಗಂಗೆಯಲ್ಲಿ ಜಾಗರಣೆಯ ವಿಭೂತಿಯನ್ನು ಧರಿಸಿದ ಹಣೆಗಳನ್ನು ಕಂಡ ಅದೇ ವಾರದಲ್ಲಿ ಸಿಲುವೆಪುರದ ಕಡೆ ಬೂದಿಯ ಶಿಲುಬೆಯನ್ನು ಧರಿಸಿದ ಹಣೆಗಳನ್ನೂ ಕಾಣಬಹುದು. ದೇಹದ ನಶ್ವರತೆಯನ್ನು ಒಪ್ಪಿಕೊಂಡು ಉಪವಾಸಕ್ಕೆ ನಿಲ್ಲುವುದನ್ನು ಎರಡು ಪಂಚಾಂಗಗಳೂ ಚಳಿಗಾಲದ ಕೊನೆಯ ಪಾಠವೆಂದು ಇರಿಸಿಕೊಂಡಿವೆ.

ಇಷ್ಟನ್ನು ಪರ್ಯಾಲೋಚಿಸಿದ ಮೇಲೆ ನನಗೆ ಹೇಳಬೇಕೆನ್ನಿಸುವುದು ಒಂದೇ ಮಾತು. ಪೇಟೆಯ ಅಂಗಡಿಗಳು ನವೆಂಬರಿನಲ್ಲಿಯೇ ಕ್ರಿಸ್ಮಸ್ಸನ್ನು ಮಾರತೊಡಗಿ ಡಿಸೆಂಬರ್ ೨೬ರ ಬೆಳಗ್ಗೆ ಅದನ್ನು ತೆಗೆದುಹಾಕುವ ಕಾಲವಿದು. ಕಾಯುವಿಕೆಯ ನಾಲ್ಕು ವಾರಗಳೂ ಅಷ್ಟಾಹವೂ ಇಲ್ಲದ ಹಬ್ಬವು, ನೆನೆಯಿಸದೆ ಬಿತ್ತಿದ ಬೀಜದಂತೆ, ಮೇಲ್ಮಣ್ಣಿನಲ್ಲಿಯೇ ಒಣಗುತ್ತದೆ. ಕ್ರೈಸ್ತ ಮನೆತನಗಳ ಹಿರಿಯರು ಆಗಮನ ಕಾಲದ ಮಿತವನ್ನೂ, ಸ್ತೇಫಾನನ ಕೆಂಪನ್ನೂ, ಮುಗ್ಧ ಶಿಶುಗಳ ದುಃಖವನ್ನೂ ಮಕ್ಕಳಿಗೆ ಬಿಡದೆ ತಿಳಿಸಿಕೊಡಬೇಕು. ನೆರೆಯವರಾದ ಉಳಿದವರೂ ಶುಭಾಶಯಪತ್ರಕ್ಕೂ ಕೇಕಿಗೂ ನಿಂತುಬಿಡದೆ, ಆ ಮನೆಯವರು ಈಗ ಕಾಯುತ್ತಿದ್ದಾರೆಯೋ, ಉಪವಾಸವಿದ್ದಾರೆಯೋ, ಸಂಭ್ರಮದಲ್ಲಿದ್ದಾರೆಯೋ ಎಂಬುದನ್ನು ಅರಿತು ನಡೆದುಕೊಳ್ಳಬೇಕು. ನಮ್ಮ ಶಾಲೆಗಳ ಉಪಾಧ್ಯಾಯರು ಮಕ್ಕಳಿಗೆ ಸಂಕ್ರಾಂತಿಯು ಜನವರಿಗೆ ಸರಿದ ಬಗೆಯನ್ನೂ ೧೫೮೨ರಲ್ಲಿ ಹತ್ತು ದಿನಗಳು ಮಾಯವಾದ ಬಗೆಯನ್ನೂ ಒಂದೇ ಪಾಠದಲ್ಲಿ ಹೇಳಿಕೊಡಬಲ್ಲರು. ಖಗೋಳವೂ ಇತಿಹಾಸವೂ ಸಹಬಾಳ್ವೆಯೂ ಅಲ್ಲಿ ಒಟ್ಟಿಗೆ ಕಲಿತಂತಾಗುತ್ತದೆ. ನೆರೆಯವನ ರಜಾದಿನವನ್ನು ಬಲ್ಲವನು ಅವನೊಡನೆ ಒಂದು ದಿನ ಸಂತೋಷಪಡಬಹುದು. ಅವನ ಪಂಚಾಂಗವನ್ನು ಬಲ್ಲವನು ಅವನ ಕಷ್ಟದ ದಿನಗಳಲ್ಲಿಯೂ ಜೊತೆಗಿರಲು ಶಕ್ತನಾಗುತ್ತಾನೆ. ಬರಗಾಲದ ಅನಾಥರಿಗೆ ಊರನ್ನು ಕಟ್ಟಿಕೊಳ್ಳಲು ನೆಲವನ್ನು ಬಿಟ್ಟುಕೊಟ್ಟ ಈ ಸೀಮೆಗೆ, ಅವರ ಮೊಮ್ಮಕ್ಕಳ ವರ್ಷವನ್ನು ಓದಿ ತಿಳಿಯುವ ಔದಾರ್ಯವು ಹೊಸದಾಗಿ ಕಲಿಯತಕ್ಕ ಗುಣವಲ್ಲ, ಉಳಿಸಿಕೊಳ್ಳತಕ್ಕ ಗುಣ.